ಸ್ಟ್ರೆಚರಿನ ಆ ತುದಿ

ಆಂಬುಲೆನ್ಸ್ ಡ್ರೈವರ್ ಮಾಮ ಫೋನಿನಲ್ಲಿ ನಗುತ್ತಲೇ ಸುದ್ದಿ ಹೇಳಿದರು. "ನಿಮ್ಮ ಬಡಗಿ ಇವತ್ತು ಪ್ರಾಕ್ಟೀಸಲ್ಲಿ ಬೊಂಬೆನ ಬೀಳಿಸಿಬಿಟ್ಟ ಕಣಮ್ಮ! ಹೊಸ ಹುಡುಗಿ ಮುಖಾನೇ ನೋಡ್ತಾ ನಿಂತಿದ್ದ. ಸ್ಟ್ರೆಚರ್ ಒಂದು ಕಡೆ ಮೇಲೆ, ಇನ್ನೊಂದು ಕಡೆ ನೆಲದಲ್ಲಿ!"

ನಾನೂ ನಕ್ಕೆ. ಫೋನ್ ಇಟ್ಟ ಮೇಲೆ, ಸೊಂಟಕ್ಕೆ ಒತ್ತಿಕೊಂಡಿದ್ದ ಬಿಸಿನೀರಿನ ಚೀಲವನ್ನು ಎತ್ತಿ ಗೋಡೆಗೆ ಎಸೆದೆ. ಅಷ್ಟಕ್ಕೇ ಬೆನ್ನು ಚುಳ್ಳೆಂದಿತು. ಹೊಟ್ಟೆಕಿಚ್ಚು ಪಡುವುದಕ್ಕೂ ಮೈಯಲ್ಲಿ ತ್ರಾಣ ಬೇಕು ನೋಡಿ.

ನಮ್ಮದು ಬಡಾವಣೆಯವರೇ ಸೇರಿ ನಡೆಸುವ ಆಂಬುಲೆನ್ಸ್. ಯಾರಿಗೂ ಸಂಬಳವಿಲ್ಲ. ಕರೆ ಬಂದರೆ ಊಟದ ತಟ್ಟೆ ಬಿಟ್ಟು ಓಡಬೇಕು. ನಾನು ಶಾಲೆಯಲ್ಲಿ ಗಣಿತದ ಟೀಚರ್, ಅವನು ಬಾಗಿಲು ಕಿಟಕಿ ಮಾಡುವ ಬಡಗಿ. ಸ್ಟ್ರೆಚರಿನ ತಲೆಯ ಕಡೆ ಅವನು, ಕಾಲಿನ ಕಡೆ ನಾನು. ವರ್ಷಗಟ್ಟಲೆ ಹೀಗೇ.

ಉಳಿದ ಜೋಡಿಗಳೆಲ್ಲ "ಒಂದು, ಎರಡು, ಮೂರು" ಎಂದು ಎಣಿಸಿ ಎತ್ತುತ್ತಿದ್ದರು. ನಾವು ಎಣಿಸುತ್ತಿರಲಿಲ್ಲ. ಅವನು ಬಗ್ಗಿ ಹಿಡಿಕೆ ಹಿಡಿದು ನನ್ನನ್ನು ನೋಡುತ್ತಿದ್ದ. ಅವನ ಎಡಹುಬ್ಬು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ನಾನು ಒಮ್ಮೆ ರೆಪ್ಪೆ ಮುಚ್ಚಿ ತೆರೆಯುತ್ತಿದ್ದೆ. ಸ್ಟ್ರೆಚರ್ ಮೇಲೆ! ಮಲಗಿದವರಿಗೆ ಎತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ನನಗೆ ಮಾತ್ರ ಆ ಹುಬ್ಬು ಮನೆಗೆ ಬಂದ ಮೇಲೂ ಕಾಣುತ್ತಿತ್ತು.

ಆಮೇಲೆ ಈ ಸೊಂಟ. ನೋವು ತೊಡೆಗಿಳಿಯಿತು, ಪಾದಕ್ಕಿಳಿಯಿತು, ಬಾಡಿಗೆ ಕೊಡದೆ ಅಲ್ಲೇ ಮನೆ ಮಾಡಿತು. "ಇದು ಪೂರ್ತಿ ಹೋಗೋ ನೋವಲ್ಲ, ಹೊಂದಿಕೊಂಡು ಹೋಗಬೇಕಾದ ನೋವು. ಭಾರ ಎತ್ತೋದು ನಿಲ್ಲಿಸಿ" ಎಂದರು ಡಾಕ್ಟರ್. ನಾನು ನಿಲ್ಲಿಸಲಿಲ್ಲ. ಒಂದು ದಿನ ಒಬ್ಬ ಅಜ್ಜಿಯನ್ನು ಮೆಟ್ಟಿಲಿನಿಂದ ಇಳಿಸುವಾಗ ನನ್ನ ಕಾಲು ಕೈಕೊಟ್ಟಿತು. ಅವನು ಮಂಡಿಯೂರಿ ಹೇಗೋ ಸ್ಟ್ರೆಚರ್ ತಡೆದ. ಅಜ್ಜಿಗೆ ಏನೂ ಆಗಲಿಲ್ಲ, ನನಗೆ ಮಾತ್ರ ಜೀವ ಬಾಯಿಗೆ ಬಂದಿತ್ತು.

ಮರುದಿನ ಹೇಳಿದೆ, "ನಾನಿನ್ನು ಬರಲ್ಲ."

"ಸರಿ" ಎಂದ.

ಅಷ್ಟೇ! ಬೇಡ ಅನ್ನಲಿಲ್ಲ, ಇರು ಅನ್ನಲಿಲ್ಲ. ನನ್ನ ಜಾಗಕ್ಕೆ ಈಜು ಕಲಿಸುವ ಕೋಚ್ ಬಂದಳು. ಅಗಲ ಭುಜ, ನೆಟ್ಟಗಿನ ಬೆನ್ನು, ನಗುಮುಖ. ಕೆಟ್ಟವಳಾದರೂ ಆಗಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ.

ಭಾನುವಾರ ನನ್ನ ಆಂಬುಲೆನ್ಸ್ ಜಾಕೆಟ್ ವಾಪಸ್ ಕೊಡುವ ನೆಪ ಮಾಡಿಕೊಂಡು ಹೊರಟೆ. ಜಾಕೆಟ್ ಕೊಡುವುದಕ್ಕೆ ಹೊಸ ಡ್ರೆಸ್ ಯಾಕೆ ಎಂದು ಅಕ್ಕ ಕೇಳಿದಳು. ನನಗೆ ಕೇಳಿಸಲಿಲ್ಲ.

ಶೆಡ್ಡಿನಲ್ಲಿ ಪ್ರಾಕ್ಟೀಸ್ ನಡೆದಿತ್ತು. ವ್ಯಾನಿನ ಹಿಂದೆ ಕಳ್ಳಿಯಂತೆ ನಿಂತೆ. ಅವನು ಬಗ್ಗಿದ. ತಲೆ ಎತ್ತಿ ಅವಳನ್ನು ನೋಡಿದ. ನನ್ನ ಮೈಯೆಲ್ಲ ಉರಿಯಿತು. ಆ ಹುಬ್ಬು ಅವಳಿಗಾಗಿ ಏಳುವುದನ್ನು ನೋಡಲಾರದೆ ಮುಖ ತಿರುಗಿಸಿದೆ.

"ಒಂದೂ... ಎರಡೂ... ಮೂರೂ!"

ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಅವನು ಕೂಗುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.

ಕೋಚ್ ಬಗ್ಗಿ ನೋಡಿದಳು. "ಟೀಚರ್! ನೀವಾದ್ರೂ ಇವರಿಗೆ ಹೇಳಿ. ಮೊನ್ನೆ ಎಣಿಸದೇನೇ ಎತ್ತಿಬಿಟ್ರು. ನನ್ನ ನೋಡಿ ಹುಬ್ಬು ಹಾರಿಸ್ತಾರೆ! ಇದೇನಪ್ಪಾ ಅಂತ ನಾನು ಸುಮ್ನೆ ನಿಂತೆ. ಬೊಂಬೆ ದೊಪ್ ಅಂತ ಬಿತ್ತು."

ಅವನ ಕಿವಿ ಕೆಂಪಾಯಿತು. ಕೋಚ್ ಬೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು.

"ಜಾಕೆಟ್ ಕೊಡೋಕೆ ಬಂದೆ."

"ಸರಿ."

"ಮತ್ತೆ ಸರಿ! ಬಿಟ್ಟು ಹೋಗ್ತೀನಿ ಅಂದಾಗಲೂ ಸರಿ. ಬೇಡ ಅನ್ನೋಕೆ ಬಾಯಿ ಬರಲಿಲ್ವಾ ನಿಂಗೆ?"

"ಬೇಡ ಅಂದಿದ್ರೆ ನೀನು ಉಳ್ಕೋತಿದ್ದೆ" ಎಂದ ಮೆಲ್ಲಗೆ. "ಹಲ್ಲು ಕಚ್ಕೊಂಡು ಎತ್ತುತಿದ್ದೆ. ಎದುರಿಗೆ ನಿಂತು ನೋಡ್ತಿದ್ದೋನು ನಾನಲ್ವಾ? ಕೊನೆಕೊನೆಗೆ ನೀನು ಕಣ್ಣು ಮುಚ್ತಿದ್ದದ್ದು ನಂಗೆ ಸನ್ನೆ ಮಾಡೋಕಲ್ಲ, ನೋವು ನುಂಗೋಕೆ."

ನನ್ನ ಕಣ್ಣು ತುಂಬಿತು. ಆದರೂ ಒಳಗಿನ ಉರಿ ಬಿಡಬೇಕಲ್ಲ. "ಹೊಸಬಳ ಕಣ್ಣು ಚೆನ್ನಾಗಿದೆ, ಅಲ್ವಾ?"

"ನೋಡೋಕೆ ಪುರುಸೊತ್ತೆಲ್ಲಿ? ಎಣಿಸ್ಬೇಕಲ್ಲ!"

ಮೂಲೆಯಲ್ಲಿ ಒಗೆದ ಕಂಬಳಿಗಳ ರಾಶಿಯಿತ್ತು. ಅವನು ಕುರ್ಚಿ ಎಳೆದು, ಬೆನ್ನಿಗೊಂದು ದಿಂಬು ಇಟ್ಟ. ಒಂದು ಕಂಬಳಿಯ ಎರಡು ಮೂಲೆ ನನ್ನ ಕೈಗೆ ಕೊಟ್ಟ.

"ನೀನು ಏಳಬೇಡ. ನಾನೇ ಬರ್ತೀನಿ."

ಇನ್ನೆರಡು ಮೂಲೆ ಹಿಡಿದು ಆ ತುದಿಗೆ ಹೋಗಿ ನಿಂತ. ನನ್ನನ್ನು ನೋಡಿದ. ಎಡಹುಬ್ಬು ಕೂದಲೆಳೆಯಷ್ಟು ಮೇಲೆದ್ದಿತು. ನಾನು ರೆಪ್ಪೆ ಮುಚ್ಚಿ ತೆರೆದೆ. ಸೊಂಟದಲ್ಲಿ ನೋವು ಇದ್ದೇ ಇತ್ತು, ಆದರೆ ಈ ಸಲ ಕಣ್ಣು ಮುಚ್ಚಿದ್ದು ಅವನಿಗಾಗಿಯೇ.

ಕಂಬಳಿ ಮಡಚಿಕೊಳ್ಳುತ್ತ ನಡೆದು ಬಂದ. ಅವನ ಮೂಲೆಗಳು ನನ್ನ ಮೂಲೆಗಳಿಗೆ ಸೇರಿದವು. ಕೈ ಮಾತ್ರ ಬಿಡಲಿಲ್ಲ.

"ಸ್ಟ್ರೆಚರ್ ಬಿಡು. ಅದರ ಆ ತುದಿಗೆ ಯಾರಾದ್ರೂ ಬರಲಿ. ನನ್ನ ಎದುರಿಗೆ ಮಾತ್ರ ನೀನೇ ಬೇಕು, ಜೀವನಪೂರ್ತಿ" ಎಂದ.

ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಸ್ವಲ್ಪ ಕಾಯಲಿ ಎಂದು ಬಿಟ್ಟೆ.

"ಸರಿ" ಎಂದೆ.

ಅಷ್ಟರಲ್ಲಿ ಕೋಚ್ ಹೊರಗೆ ಬಂದಳು. "ಅಯ್ಯೋ, ಎಷ್ಟೊಂದು ಕಂಬಳಿ! ನಾನೂ ಒಂದು ಕಡೆ ಹಿಡೀಲಾ?"

"ಬೇಡ!" ಎಂದೆ, ತುಸು ಜೋರಾಗಿಯೇ. ಆಮೇಲೆ ನಾಚಿಕೆಯಾಗಿ, ಮಡಿಲಲ್ಲಿದ್ದ ನನ್ನ ಜಾಕೆಟ್ ಅವಳ ಕಡೆ ಚಾಚಿದೆ. "ಇದನ್ನ ತಗೋಮ್ಮಾ. ಇನ್ಮೇಲೆ ಇದು ನಿಂದು. ಕಂಬಳಿ ನಾವು ನೋಡ್ಕೋತೀವಿ."