ನಸ್ರೀನ್ ಕಳಿಸಿದ ವಾಯ್ಸ್ ನೋಟ್

“ಟೀಚರ್, ಇವತ್ತು ನಿಮ್ಮ ಹೆಸರನ್ನೇ ಸ್ಪ್ಯಾನಿಷ್ ತುಂಡುಗಳಾಗಿ ಒಡೀಲಾ?”

ಉತ್ತರಕ್ಕೂ ಕಾಯದೆ ನಿಹಾಲ್ ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ: ನಸ್–ರಿನ್.

“ಪದ ಎನ್‌ನಲ್ಲಿ ಮು... ಮುಗಿದ್ರೆ ದನಿಯ ಒತ್ತು ಎಲ್ಲಿ?” ನಸ್ರೀನ್ ಕೇಳಿದಳು.

“ಕೊನೇದರ ಹಿಂದಿನ ತುಂಡಿಗೆ. ಆದ್ರೆ ನಂಗೆ ಕೊನೇದನ್ನೇ ಎಳೀಬೇಕು ಅನ್ಸ್ತದೆ.”

“ಹಾ... ಹಾಗಾದ್ರೆ ಐ ಮೇಲೆ ಗೆರೆ ಹಾಕ್ಬೇಕು.”

ಕಾಡಿಗೆ ತೀಡುವಷ್ಟು ನಾಜೂಕಾಗಿ ಗೆರೆ ಎಳೆದು, ಅವನು ಅವಳ ಕಣ್ಣನ್ನೇ ನೋಡಿದ. ನಸ್ರೀನ್ ಪುಸ್ತಕ ತಿರುವಿಹಾಕಿದಳು.

ಯಲ್ಲಾಪುರದ ನಸ್ರೀನ್‌ಗೆ ಚಿಕ್ಕಂದಿನಿಂದಲೂ ತೊದಲು. ಮನೆಯ ಉರ್ದು, ಪೇಟೆಯ ಕನ್ನಡ, ಎರಡೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಆನ್‌ಲೈನ್‌ನಲ್ಲಿ ಕಲಿತ ಸ್ಪ್ಯಾನಿಷ್ ಮಾತ್ರ, ಮೇಜಿಗೆ ಬೆರಳು ತಟ್ಟುತ್ತಾ ‘ಪದ’ ಎಂಬುದನ್ನು ಪ–ಲಾ–ಬ್ರ ಎಂದು ತುಂಡು ಮಾಡಿದರೆ, ಸರಾಗ ಹರಿಯುತ್ತಿತ್ತು. ಅದನ್ನೇ ಈಗ ಶಿರಸಿಯ ಒಂದು ಮಹಡಿ ಕೋಣೆಯಲ್ಲಿ ಕಲಿಸುತ್ತಿದ್ದಳು. ಟೂರಿಸ್ಟ್ ಗಾಡಿ ಓಡಿಸುವ ನಿಹಾಲ್‌ಗೆ ಸ್ಪೇನಿನ ಪ್ರವಾಸಿಗರ ಗೈಡ್ ಆಗುವ ಆಸೆ.

“ಪಾಠ ವಾಯ್ಸ್ ನೋಟ್‌ನಲ್ಲಿ ಕಳಿಸಿ. ನಿಮ್ಮ ದನಿ ಕೇಳ್ತಾ ಗಾಡಿ ಓಡಿಸ್ತೇನೆ,” ಎಂದಿದ್ದ. ಅದುವರೆಗೆ ಅವಳ ದನಿ ಬೇಕೆಂದು ಯಾರೂ ಕೇಳಿರಲಿಲ್ಲ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಫೋನಿಗೆ ಅವನ ದನಿ ಬಂತು: “ತೆ ಆಮೊ. ನಿನ್ನನ್ನ ಪ್ರೀತಿಸ್ತೇನೆ. ಒತ್ತು ಸರಿ ಇದ್ಯಾ?”

ಅವಳು ಕನ್ನಡದಲ್ಲೇ ಉತ್ತರಿಸಿದಳು. ‘ನಂಗೂ ನೀನಂದ್ರೆ ಇಷ್ಟ’ ಎನ್ನಲು ನಲವತ್ತು ಸೆಕೆಂಡು ಹಿಡಿಯಿತು. ಅಳಿಸದೆ ಕಳಿಸಿದಳು.

ಮರುದಿನ ಸಂಜೆ ಅವನನ್ನು ನೋಡಲು ಅವನು ಗಾಡಿ ನಿಲ್ಲಿಸುವ ಗ್ಯಾರೇಜಿಗೆ ಹೋದಾಗ, ಒಳಗಿನಿಂದ ಅವಳದೇ ದನಿ ಕೇಳಿಸಿತು.

“ಇನ್ನೊಂದ್ಸಲ ಹಾಕು ಮಾರಾಯ,” ಅವನ ಗೆಳೆಯ ಅಫ್ರೋಜ್ ಹೊಟ್ಟೆ ಹಿಡಿದು ನಗುತ್ತಿದ್ದ.

ನಿಹಾಲ್ ಹಾಕಿದ. ಆಮೇಲೆ ಬಾನೆಟ್ ಮೇಲೆ ಬೆರಳು ತಟ್ಟುತ್ತಾ ಅವಳಂತೆಯೇ ತೊದಲಿದ, “ನ–ನ–ನಂಗೂ...” ತಿರುಗಿದಾಗ ಅವಳು ಬಾಗಿಲಲ್ಲಿದ್ದಳು.

ಮರುದಿನ ಬೆಳಿಗ್ಗೆ ಅವನು ಕ್ಲಾಸಿಗೆ ಎಲ್ಲರಿಗಿಂತ ಮೊದಲೇ ಬಂದ.

“ಹುಡುಗರ ಎದುರು ಮೆತ್ತಗಾಗೋಕೆ ಆಗ್ಲಿಲ್ಲ, ಅಷ್ಟೇ. ನೀನಂದ್ರೆ ನಂಗೆ ಜೀವ. ನಾಳೆನೇ ನಮ್ಮ ಅಮ್ಮೀನ ಸಂಬಂಧ ಕೇಳೋಕೆ ನಿಮ್ಮನೆಗೆ ಕಳಿಸ್ತೇನೆ.”

ಅವನ ಪ್ರೀತಿ ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಅದೇ ಹೆಚ್ಚು ನೋಯಿಸಿತು.

“ನಿ... ನಿ...”

“ನಿಕಾಹ್‌ಗೆ ಒಪ್ಪಿಗೆನಾ?”

ಅಲ್ಲವೆಂದು ತಲೆಯಾಡಿಸಿ, ಮೊದಲಿಂದ ಶುರುಮಾಡಿದಳು. “ನಿ... ನಿನ್ನ...”

“ನನ್ನ ಕ್ಷಮಿಸಿದ್ದೀಯ ಅಲ್ವಾ?”

ಅವಳು ಮತ್ತೆ ನಿಲ್ಲಿಸಿದಳು. ಅವನು ಬಾಯಿ ಮುಚ್ಚುವ ತನಕ ದಿಟ್ಟಿಸಿ, ಮೂರನೆಯ ಸಲ ಆರಂಭಿಸಿದಳು.

“ನಿ... ನಿನ್ನ ಜೊತೆ ನಾ... ನಾನು ಬಾ... ಬಾಳೋದಿಲ್ಲ.”

ಅವನ ಕಣ್ಣು ತುಂಬಿತು. ಒರೆಸಲು ಅವಳ ಕೈ ತುಡಿಯಿತು. ಪ್ರೀತಿ ಇನ್ನೂ ಸತ್ತಿರಲಿಲ್ಲ. ಅದಕ್ಕೇ, ಅವನು ಮೆಟ್ಟಿಲಿಳಿದು ಗಾಡಿ ಶುರುಮಾಡಿಕೊಂಡು ಹೋಗುವ ತನಕ ಅವಳು ಕಿಟಕಿಯ ಬಳಿ ಸುಳಿಯಲಿಲ್ಲ.