ಸೊನ್ನೆ ತೋರಿಸಿದ ಯಂತ್ರ

ಬೆಳಿಗ್ಗೆ ಸುಂದರಾಬಾಯಿಯ ಹೆಣ ಸಿಕ್ಕಿದ್ದು ಬಯಲು ಮಾಳಿಗೆಯ ಮೇಲೆ, ತುಳಸಿ ಕುಂಡದ ಪಕ್ಕ. ಸೆಖೆಯೆಂದು ಅಲ್ಲೇ ಮಲಗಿದ್ದಳು. ತಲೆಯ ಹತ್ತಿರವೇ ಗಾಳಿ ಅಳೆಯುವ ಯಂತ್ರ. ವಿಷಾನಿಲ ಬಂದರೆ ಅದರ ಗಂಟೆ ಹೊಡೆಯಬೇಕು. ಹೊಡೆದಿರಲಿಲ್ಲ.

"ಅವ್ವಗ ದಮ್ಮು ಇತ್ತರಿ," ಮಗಳು ಸ್ನೇಹಲತಾ ಬಿಕ್ಕಿದಳು. ಓಡಾಡಿ ಆ ಯಂತ್ರ ಹಾಕಿಸಿದವಳು ಅವಳೇ. "ಕೊಂದದ್ದು ಮನಿ ಹಿಂದಿನ ಫ್ಯಾಕ್ಟರಿ ಗಂಧಕದ ಹೊಗಿ. ಗಲ್ಲಿ ಮಂದಿಯೆಲ್ಲಾ ಕೆಮ್ಮಾಕತ್ತಿದ್ರು. ಅವರನ್ನ ಬಿಡಬ್ಯಾಡ್ರಿ."

ಅದೇ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಸುಂದರಾಬಾಯಿಯ ಗಂಡ ಶಿವಶರಣಪ್ಪ ಮೂಲೆಯಲ್ಲಿ ಕುಸಿದಿದ್ದ.

ಫ್ಯಾಕ್ಟರಿಯ ಮ್ಯಾನೇಜರ್ ಶಾಂತಕುಮಾರ ಇನ್‌ಸ್ಪೆಕ್ಟರ್ ವಿಜಯಶ್ರೀಗೆ ಯಂತ್ರದ ಪರದೆ ತೋರಿಸಿದ. ರಾತ್ರಿಯಿಡೀ ಸೊನ್ನೆ.

"ಹೊಗೆನೇ ಇಲ್ಲ ಮೇಡಂ."

ತುಳಸಿಯ ಎಲೆಗಳು ಮಾತ್ರ ಒಂದೇ ರಾತ್ರಿಗೆ ಬಿಳಿಚಿದ್ದವು. ಸುಳ್ಳು ಹೇಳಲು ತುಳಸಿಗೆ ಯಾರೂ ಸಂಬಳ ಕೊಡುವುದಿಲ್ಲ.

* * *

ಯಂತ್ರದ ಗಾಳಿ ಎಳೆಯುವ ಕೊಳವೆಯೊಳಗೆ ಒದ್ದೆ ಬಟ್ಟೆಯ ಗಂಟು ಸಿಕ್ಕಿತು. ಅದರಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಚೂರುಗಳು. ವಿಜಯಶ್ರೀ ಅವುಗಳ ಮೇಲೆ ನಿಂಬೆಹಣ್ಣು ಹಿಂಡಿದಳು. ನೊರೆ ಬರಲಿಲ್ಲ. ಚೂರನ್ನು ಒಡೆದು ಒಳಮೈಗೆ ಹಿಂಡಿದಳು. ಸಣ್ಣಗೆ ನೊರೆ ಎದ್ದಿತು.

"ಸುಣ್ಣದ ಕಲ್ಲು. ಒದ್ದಿ ಇದ್ರ ಗಂಧಕದ ಹೊಗಿ ಹಿಡಕೊಂತೈತಿ, ಹೊರಮೈ ಜಿಪ್ಸಮ್ ಆಗತೈತಿ. ಜಿಪ್ಸಮ್‌ಗೆ ನೊರಿ ಬರೂದಿಲ್ಲ. ಯಂತ್ರಕ್ಕ ಮುಟ್ಟಿದ್ದು ತೊಳದ ಗಾಳಿ."

"ನಾ ಹೇಳಲಿಲ್ಲೇನ್ರಿ? ಆ ಮ್ಯಾನೇಜರ್‌ನ ಕೆಲಸ!" ಎಂದಳು ಸ್ನೇಹಲತಾ.

ಆದರೆ ಮಾಳಿಗೆಯ ಮೆಟ್ಟಿಲು ಮನೆಯೊಳಗಿತ್ತು. ಗಂಟಿನ ಬಟ್ಟೆಗೆ ಇಳಕಲ್ ಸೀರೆಯ ಕೆಂಪು ಅಂಚು. ಹೆಣಕ್ಕೆ ಹೊದಿಸಿದ್ದ ಕೌದಿಯಲ್ಲೂ ಅದೇ ಅಂಚಿನ ತುಂಡುಗಳು.

ವಿಜಯಶ್ರೀ ಮೂಲೆಯತ್ತ ತಿರುಗಿದಳು. "ಕಲ್ಲಿನ ಈ ಗುಣ ನಿಮಗ ಯಾರು ಹೇಳಿಕೊಟ್ರು, ಶಿವಶರಣಪ್ಪನವರ?"

ಆತ ತಲೆ ಎತ್ತಲಿಲ್ಲ. "ಚಿಮಣಿ ಹೊಗಿ ನಾವು ಸುಣ್ಣದ ನೀರಿನಿಂದನ ತೊಳಿತೇವ್ರಿ."

"ನಿನ್ನೆ ಯಾಕ ತೊಳಿಲಿಲ್ಲ?"

"ಸಂಜಿಗೇ ಸುಣ್ಣ ತೀರಿತ್ತರಿ. ಮ್ಯಾನೇಜರ್ ಸಾಹೇಬ್ರು ಹಂಗ ಬಿಡ್ರಿ ಅಂದ್ರು. ಪಾಳಿಗೆ ಹೋಗೂ ಮೊದಲ ನಾನ ಕೊಳವ್ಯಾಗ ಗಂಟು ತುರುಕಿದೆರಿ. ಗಂಟಿ ಹೊಡದ್ರ ಫ್ಯಾಕ್ಟರಿ ಮುಚ್ಚತಿದ್ರು. ಈ ವಯಸ್ನ್ಯಾಗ ಕೆಲಸ ಯಾರು ಕೊಡ್ತಾರ? ಆಕಿ ಮ್ಯಾಲೆ ಮಲಗತಾಳಂತ ಗೊತ್ತಿರಲಿಲ್ಲರಿ."

ಸ್ನೇಹಲತಾ ಅಪ್ಪನನ್ನೇ ನೋಡಿದಳು. ಆಮೇಲೆ ವಿಜಯಶ್ರೀಯನ್ನು ಕೇಳಿದಳು, "ಮತ್ತ ಫ್ಯಾಕ್ಟರಿ?"

ಕಲ್ಲು ಹೊಗೆ ಬಂದದ್ದನ್ನು ಹೇಳುತ್ತದೆ. ಯಾವ ರಾತ್ರಿ, ಈ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದ ಯಾವ ಚಿಮಣಿ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಿದ್ದ ಯಂತ್ರದಲ್ಲಿ ಸೊನ್ನೆ. ಯಂತ್ರ ಕೆಡಿಸಿದವನ ಮಾತನ್ನು ಯಾವ ಕೋರ್ಟು ನಂಬುತ್ತದೆ? ವಿಜಯಶ್ರೀಗೆ ತನ್ನ ಖಾಕಿಯ ಮೇಲೇ ಸಿಟ್ಟು ಬಂತು.

"ನಿಮ್ಮಪ್ಪನ್ನಷ್ಟ ಒಯ್ಯಾಕ ಬರತೈತಿ, ತಂಗಿ," ಎಂದಳು.

ಮನೆಯ ಹಿಂದೆ ಫ್ಯಾಕ್ಟರಿಯ ಪಾಳಿ ಸೈರನ್ ಕೂಗಿತು. ಶಿವಶರಣಪ್ಪ ರೂಢಿಯಂತೆ ಎದ್ದು ನಿಂತ.