ತುಳಸಾಬಾಯಿಯ ಶಿಷ್ಯ

ಪಟ್ಟದ ವರ್ಧಂತಿಗೆಂದು ಕೆಂಗೋಟೆಯ ರಾಜಬೀದಿಗೆಲ್ಲ ಪನ್ನೀರು ಚಿಮುಕಿಸಿದ್ದರು. ಆನೆಗಳ ಹಣೆಗೆ ಬಣ್ಣ, ಬುರುಜುಗಳಿಗೆ ಹೊಸ ಬಾವುಟ. ನಗಾರಿಯ ಸದ್ದಿಗೆ ಪಾರಿವಾಳಗಳು ಆಕಾಶ ಹಿಡಿದಿದ್ದವು. ಅದೇ ಬೀದಿಯಲ್ಲಿ ಗಾಯಕಿ ತುಳಸಾಬಾಯಿಯ ಬಾಗಿಲಿಗೆ ಮಾತ್ರ ಅರಮನೆಯ ಬೀಗ ಬಿದ್ದಿತ್ತು.

ಅವಳ ಹಾಡು ಕೇಳಲು ಬರುವ ಸರದಾರರು ಏನೇನು ಮಾತಾಡುತ್ತಾರೆಂದು ತನಗೆ ತಿಳಿಸಬೇಕೆಂದು ದಿವಾನ ಅಂಬಾಜಿಪಂತ ಹೇಳಿಕಳಿಸಿದ್ದ. "ನಾನು ಹಾಡುವವಳು, ಚಾಡಿ ಹೇಳುವವಳಲ್ಲ" ಎಂದಿದ್ದಳು. ಅಷ್ಟಕ್ಕೇ ರಾಜದ್ರೋಹಿಯಾದಳು. ಇಂದೇ ಊರು ಬಿಡಬೇಕೆಂದು ಅಪ್ಪಣೆಯಾಯಿತು.

ಅವಳ ಶಿಷ್ಯ ಭುಜಂಗ ಅದೇ ದಿನ ಆಸ್ಥಾನ ಗಾಯಕನಾಗುವವನಿದ್ದ. ದಿವಾನ ಅವನನ್ನು ಸಭಾಂಗಣದ ಹೊರಗೆ ತಡೆದ.

"ಅರಸರಿಗೆ ನಿನ್ನ ಕಂಠ ಹಿಡಿಸಿದೆ, ನನ್ನ ಅಡ್ಡಿಯಿಲ್ಲ. ಆದರೆ ಹಾಡುವ ಮುಂಚೆ ಗುರುವಿನ ಹೆಸರು ಹೇಳಿ ಕಿವಿ ಮುಟ್ಟಿಕೊಳ್ಳುತ್ತೀರಲ್ಲ, ಆಗ ತೀರಿಹೋದ ಗಾಯಕ ಖಾನ್‌ಸಾಹೇಬರ ಹೆಸರು ಹೇಳು. ಸತ್ತವರು ಎದ್ದು ಬಂದು ಅಲ್ಲವೆನ್ನುವುದಿಲ್ಲ."

"ನಾನು ಅವರ ಮುಖವನ್ನೂ ಕಂಡವನಲ್ಲ, ಸ್ವಾಮಿ."

"ಆ ಹೆಂಗಸಿನ ಹೆಸರಿಗೆ ಮುಟ್ಟಿದ ಕಿವಿ ನಿನ್ನ ತಲೆಯ ಮೇಲೆ ಉಳಿಯುವುದಿಲ್ಲ."

ಭುಜಂಗ ಸಭಾಂಗಣದೊಳಗೆ ಹೋಗಿ ಅರಸನ ಮುಂದೆ ಕೂತ. ಗಂಟಲು ಕಟ್ಟಿದ ಚಳಿಗಾಲಗಳಲ್ಲಿ ತುಳಸಾಬಾಯಿ ಕೈಗೆ ಜ್ಯೇಷ್ಠಮಧು ಕೊಟ್ಟು, ಕಿವಿತುಂಬ ಬೈದು ಹಾಡಿಸಿದ್ದಳು. ಯಾವ ಸ್ವರ ಎತ್ತಿಕೊಂಡರೂ ಅದರಲ್ಲಿ ಅವಳ ಬೈಗುಳವಿತ್ತು. ಅದನ್ನು ಇನ್ನೊಬ್ಬರದೆಂದ ಬಾಯಲ್ಲಿ ಸ್ವರ ನಿಲ್ಲುವುದುಂಟೇ?

"ಯಾರ ಶಿಷ್ಯನಪ್ಪ ನೀನು?" ಅರಸ ಕೇಳಿದ.

ಭುಜಂಗ ಬಲಗಿವಿ ಮುಟ್ಟಿದ. "ತುಳಸಾಬಾಯಿಯವರ ಶಿಷ್ಯ, ಪ್ರಭು. ದಿವಾನರು ಅವರಿಂದ ಗೂಢಚಾರಿಕೆ ಬಯಸಿದರು. ಅವರು ಒಲ್ಲೆನೆಂದರು. ಅವರ ದ್ರೋಹ ಇಷ್ಟೇ."

ಆ ಮನೆಯಲ್ಲಿ ಕೂತು ತಲೆದೂಗಿದ ಸರದಾರರೇ ಸಭೆ ತುಂಬಿದ್ದರು. ಒಬ್ಬೊಬ್ಬರೂ ತಮ್ಮ ರುಮಾಲು ಸರಿಪಡಿಸಿಕೊಂಡರು. ಅರಸ ದಿವಾನನ ಮುಖ ನೋಡಿದ. ಸೈನ್ಯವೆಲ್ಲ ದಿವಾನನ ಕೈಯಲ್ಲಿತ್ತು. ಅರಸ ಕಣ್ಣು ತಗ್ಗಿಸಿದ. ಅಂಗಳದಲ್ಲಿ ಕತ್ತಿ ಎದ್ದಿತು.

ಊರ ಹೆಬ್ಬಾಗಿಲಲ್ಲಿ ತುಳಸಾಬಾಯಿಯ ಗಾಡಿ ನಿಂತಿತ್ತು. ಬಲಗಿವಿಯಿದ್ದ ಜಾಗಕ್ಕೆ ರಕ್ತದ ಬಟ್ಟೆ ಸುತ್ತಿಕೊಂಡು ಬಂದ ಭುಜಂಗನನ್ನು ಕಂಡು, ನಡೆದದ್ದನ್ನು ಕೇಳಿ ಅವಳು ಕಿರುಚಿದಳು. "ಕತ್ತೆ! ಖಾನ್‌ಸಾಹೇಬರ ಹೆಸರು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?"

"ನನ್ನದು ಹೋಗುತ್ತಿತ್ತು, ಅಕ್ಕಾ."

ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ತಂಬೂರಿ ತೆಗೆದು ಗಾಯದ ಹತ್ತಿರ ಮೀಟಿದಳು.

"ಕೇಳಿಸುತ್ತದೆಯೇ?"

"ಕೇಳಿಸುತ್ತದೆ."

"ಹಾಗಾದರೆ ಕೂತುಕೋ."

ಹೆಬ್ಬಾಗಿಲ ನಟ್ಟನಡುವೆ ಚಾಪೆ ಬಿತ್ತು. ದಾರಿ ಬಿಡಿರೆಂದು ಪಹರೆಯವರು ಈಟಿ ಚಾಚಿದರು. ಭುಜಂಗ ಎಡಗಿವಿ ಮುಟ್ಟಿ, ಕೋಟೆಯೊಳಕ್ಕೂ ಕೇಳುವಂತೆ ಗುರುವಿನ ಹೆಸರು ಹೇಳಿ, ಷಡ್ಜ ಹಿಡಿದ.